ಕಾಲೇಜು ಪಟ್ಟಿಯನ್ನು ತಳದಿಂದ ಕಟ್ಟೋಣ: ಅಮೆರಿಕದ ಕನ್ನಡ ಮನೆಗಳ ಜೂನಿಯರ್‌ಗಳಿಗಾಗಿ

ಮನೆಯಲ್ಲಿ ಮಗು ಹನ್ನೊಂದನೇ ತರಗತಿಗೆ, ಅಂದರೆ ಇಲ್ಲಿನ ಮಾತಿನಲ್ಲಿ ಜೂನಿಯರ್ ವರ್ಷಕ್ಕೆ, ಬಂದಾಗ ಒಂದು ಎಕ್ಸೆಲ್ ಹಾಳೆ ಹುಟ್ಟುತ್ತದೆ. ಮೊದಲ ಸಾಲಿನಲ್ಲಿ ಸ್ಟ್ಯಾನ್‌ಫರ್ಡ್, ಎರಡನೆಯದರಲ್ಲಿ ಎಂಐಟಿ, ಆಮೇಲೆ ಬರ್ಕ್ಲಿ, ಕಾರ್ನೆಗಿ ಮೆಲನ್, ಕಾರ್ನೆಲ್. ಹದಿನಾರು ಹೆಸರು ತುಂಬಿದ ಮೇಲೆ ಯಾರೋ ನೆನಪಿಸುತ್ತಾರೆ: "ಒಂದೆರಡು ಸೇಫ್ಟಿನೂ ಹಾಕ್ಬೇಕಲ್ಲ." ಆಗ ಯಾರಿಗೂ ಮನಸ್ಸಿಲ್ಲದ ಎರಡು ಹೆಸರು ಕೊನೆಗೆ ಸೇರಿಕೊಳ್ಳುತ್ತವೆ.

ನನ್ನ ಮಗನ ಪಟ್ಟಿ ಹುಟ್ಟಿದ್ದು ಹೀಗೆಯೇ. 18 ಕಾಲೇಜು, ಅದರಲ್ಲಿ 13 ನೂರಕ್ಕೆ ಹತ್ತು ಮಂದಿಯನ್ನೂ ತೆಗೆದುಕೊಳ್ಳದಂಥವು. ದುಡ್ಡು ಕೊಟ್ಟು ನೇಮಿಸಿಕೊಂಡಿದ್ದ ಸಲಹೆಗಾರರು ಆ ಪಟ್ಟಿ ನೋಡಿ ಸರಿ ಎಂದು ತಲೆಯಾಡಿಸಿದ್ದರು. ಮಾರ್ಚ್ ಕೊನೆಯ ವಾರ ಸಂಜೆಸಂಜೆಗೂ ಒಂದೊಂದು 'ಇಲ್ಲ' ಬಂತು. ಕೊನೆಗೆ ಅವನು ಹೋದದ್ದು ಪಟ್ಟಿಯ ತಳದಲ್ಲಿದ್ದ, ನಾವು ಯಾರೂ ಕಣ್ಣಿಂದ ಕೂಡ ನೋಡಿರದ ಕಾಲೇಜಿಗೆ. ಅಲ್ಲಿ ಅವನು ಚೆನ್ನಾಗಿಯೇ ಬೆಳೆದ. ಆದರೆ ಆ ಏಪ್ರಿಲ್ ತಿಂಗಳಿಡೀ ಮನೆಯಲ್ಲಿ ಸೂತಕದ ಹಾಗಿತ್ತು. ಹದಿನೇಳು ವರ್ಷದ ಹುಡುಗ ತಾನು ಸೋತೆ ಅಂದುಕೊಂಡು ಓಡಾಡಿದ. ಅವನು ಸೋತಿರಲಿಲ್ಲ, ನಾವು ಪಟ್ಟಿ ತಪ್ಪಾಗಿ ಬರೆದಿದ್ದೆವು. ಎರಡು ವರ್ಷದ ನಂತರ ಮಗಳ ಸರದಿ ಬಂದಾಗ ಅದೇ ಹಾಳೆಯನ್ನು ತಲೆಕೆಳಗು ಮಾಡಿದೆವು. ಮೊದಲ ಸಾಲಿನಲ್ಲಿ ಬಂದದ್ದು ಖಂಡಿತ ಸಿಗುವ ಕಾಲೇಜು. ಆ ಒಂದು ಬದಲಾವಣೆಯಿಂದ ಉಳಿದ ಆಯ್ಕೆಗಳೆಲ್ಲ ಹೇಗೆ ಬದಲಾದವು ಎಂಬುದನ್ನು ಹೇಳುತ್ತೇನೆ. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಹಾಗಾಗಿ ಉದಾಹರಣೆಗಳು ಇಲ್ಲಿನವೇ ಹೆಚ್ಚು.

ಸಿಇಟಿಯ ಪಟ್ಟಿ ಬೇರೆ, ಇಲ್ಲಿನ ಪಟ್ಟಿ ಬೇರೆ

ನನ್ನ ವಯಸ್ಸಿನ ಬಹಳಷ್ಟು ಅಪ್ಪ ಅಮ್ಮಂದಿರು ಸಿಇಟಿ ಬರೆದು ಬಂದವರು. ರ‍್ಯಾಂಕ್ ಬಂದ ಮೇಲೆ ಕಾಲೇಜುಗಳನ್ನು ಆಸೆಯ ಕ್ರಮದಲ್ಲಿ ಜೋಡಿಸುವುದು ನಮಗೆ ರಕ್ತದಲ್ಲೇ ಇದೆ. ಆಪ್ಷನ್ ಎಂಟ್ರಿಯಲ್ಲಿ ಮೇಲಿಂದ ಕೆಳಕ್ಕೆ ಬರೆಯುವುದೇ ಜಾಣತನ. ಎಷ್ಟು ಆಪ್ಷನ್ ಹಾಕಿದರೂ ಹೆಚ್ಚಿನ ಖರ್ಚಿಲ್ಲ. ಮೇಲಿನದು ಸಿಗದಿದ್ದರೆ ಕಂಪ್ಯೂಟರ್ ತಾನಾಗಿ ಅದರ ಕೆಳಗಿನದಕ್ಕೆ ಇಳಿಯುತ್ತದೆ, ರ‍್ಯಾಂಕಿಗೆ ಒಪ್ಪುವ ಒಂದು ಸೀಟಿನಲ್ಲಿ ನಿಲ್ಲುತ್ತದೆ.

ಇಲ್ಲಿ ಹಾಗೆ ಇಳಿಸುವ ಕಂಪ್ಯೂಟರ್ ಇಲ್ಲ. ಪ್ರತಿ ಕಾಲೇಜೂ ತನ್ನ ಪಾಡಿಗೆ ತಾನು ತೀರ್ಮಾನಿಸುತ್ತದೆ. ಒಂದೇ ಅಂಕ, ಒಂದೇ ಎಸ್‌ಎಟಿ (ಪ್ರವೇಶ ಪರೀಕ್ಷೆಯ) ಅಂಕ ಇಟ್ಟುಕೊಂಡ ಹುಡುಗಿಯನ್ನು ಒಂದು ಕಡೆ ಕರೆಯುತ್ತಾರೆ, ಅದಕ್ಕಿಂತ 'ಕೆಳಗಿನ' ಕಡೆ ಬೇಡವೆನ್ನುತ್ತಾರೆ. ಪ್ರತಿ ಅರ್ಜಿಗೂ ಶುಲ್ಕವಿದೆ, ಹಲವಕ್ಕೆ ಪ್ರತ್ಯೇಕ ಪ್ರಬಂಧಗಳಿವೆ. ಹಾಗಾಗಿ ಮೇಲೆ ಹೆಸರು ತುಂಬುತ್ತಾ ಹೋದರೆ ಶರತ್ಕಾಲದ ಸಮಯವೆಲ್ಲ ಅಲ್ಲೇ ಕರಗಿ, ನಿಜವಾಗಿ ಸಿಗಬಹುದಾದ ಕಾಲೇಜುಗಳಿಗೆ ರಾತ್ರಿ ಹನ್ನೊಂದು ಗಂಟೆಯ ಅವಸರದ ಪ್ರಬಂಧ ಮಾತ್ರ ಉಳಿಯುತ್ತದೆ. ನನ್ನ ಮಗನಿಗೆ ಆದದ್ದು ಇದೇ.

ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ 20 ಕಾಲೇಜುಗಳವರೆಗೆ ಹಾಕಬಹುದು. ಎಂಐಟಿಯ ಅರ್ಜಿ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಅರ್ಜಿ, ಕ್ಯಾಲ್ ಸ್ಟೇಟ್ ಅರ್ಜಿ ಅದರಿಂದಾಚೆ. ಹಾಕಬಹುದು ಎಂದ ಮಾತ್ರಕ್ಕೆ ಹಾಕಬೇಕಿಲ್ಲ. ಒಂದೇ ಅರ್ಜಿಯಲ್ಲಿ ಹೋಗುವ ಯುಸಿ ಕ್ಯಾಂಪಸ್‌ಗಳನ್ನೆಲ್ಲ ಸೇರಿಸಿ ಹತ್ತರಿಂದ ಹದಿಮೂರರ ಒಳಗೆ ನಿಲ್ಲಿಸಿದ ಪಟ್ಟಿಗಳೇ ಚೆನ್ನಾಗಿ ನಡೆದದ್ದನ್ನು ನಾನು ನಮ್ಮ ಕನ್ನಡ ಕೂಟದ ಮನೆಗಳಲ್ಲಿ ಕಂಡಿದ್ದೇನೆ.

'ಸೇಫ್ಟಿ' ಎನ್ನಲು ಮೂರು ಷರತ್ತು

ಸೇಫ್ಟಿ (ಖಂಡಿತ ಸಿಗುವುದು), ಟಾರ್ಗೆಟ್ (ಸಿಗುವ ಸಾಧ್ಯತೆ ಚೆನ್ನಾಗಿರುವುದು), ರೀಚ್ (ಸಿಗುವುದು ಕಷ್ಟವಾದದ್ದು) ಎಂಬ ಮೂರು ಗುಂಪುಗಳನ್ನು ಎಲ್ಲರೂ ಹೇಳುತ್ತಾರೆ. ಸುಲಭವಾಗಿ ಸಿಗುವುದೆಲ್ಲ ಸೇಫ್ಟಿ ಎಂದುಕೊಳ್ಳುವುದರಲ್ಲಿ ತಪ್ಪು ಶುರುವಾಗುತ್ತದೆ. ನನ್ನ ಲೆಕ್ಕದಲ್ಲಿ ಒಂದು ಕಾಲೇಜು ಆ ಹೆಸರಿಗೆ ಅರ್ಹವಾಗಬೇಕಾದರೆ, ಮಗು ಓದಬೇಕೆಂದಿರುವ ವಿಷಯಕ್ಕೇ ಸೀಟು ಹೆಚ್ಚುಕಡಿಮೆ ಖಚಿತವಾಗಿರಬೇಕು. ಇನ್ನೂ ಕೈಗೆ ಬಾರದ ಯಾವ ಸ್ಕಾಲರ್‌ಶಿಪ್ಪನ್ನೂ ನಂಬದೆ ಮನೆಯವರು ಆ ದುಡ್ಡು ಕಟ್ಟುವಂತಿರಬೇಕು. ಮೂರನೆಯದನ್ನೇ ನಾವು ಮರೆಯುವುದು: ಮಗು "ಇಲ್ಲಿಗೆ ಹೋಗಬೇಕಾಗಿ ಬಂದರೆ ಹೋಗ್ತೀನಿ, ಬೇಜಾರಿಲ್ಲ" ಎಂದು ಬಾಯಿಬಿಟ್ಟು ಹೇಳಿರಬೇಕು.

ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಸೇಫ್ಟಿಯಲ್ಲ. ಅಂಥ ಎರಡು ಕಾಲೇಜು ಸಿಗುವ ತನಕ ಬೇರೆ ಹೆಸರು ಬರೆಯಬೇಡಿ. ಜೂನಿಯರ್ ವರ್ಷದ ವಸಂತದಲ್ಲಿ, ಫೆಬ್ರವರಿಯಿಂದ ಮೇ ತನಕ, ಮಾಡಬೇಕಾದ ನಿಜವಾದ ಕೆಲಸ ಇದೇ.

ಕ್ಯಾಲಿಫೋರ್ನಿಯಾದ ಮಕ್ಕಳಿಗೆ ಒಂದು ಅನುಕೂಲವಿದೆ, ಬಹಳ ಮಂದಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಾಜ್ಯದ ಮೇಲಿನ 9 ಪ್ರತಿಶತದಲ್ಲಿರುವ, ಅಥವಾ ತಮ್ಮ ಶಾಲೆಯ ಮೇಲಿನ 9 ಪ್ರತಿಶತದಲ್ಲಿರುವ ವಿದ್ಯಾರ್ಥಿಗೆ ತಾನು ಅರ್ಜಿ ಹಾಕಿದ ಯಾವ ಯುಸಿ ಕ್ಯಾಂಪಸ್‌ನಲ್ಲೂ ಸಿಗದೆ ಹೋದರೆ, ಜಾಗವಿರುವ ಇನ್ನೊಂದು ಕ್ಯಾಂಪಸ್‌ನಲ್ಲಿ ಸೀಟು ಕೊಡುತ್ತಾರೆ. ಅದು ಸಾಮಾನ್ಯವಾಗಿ ಮರ್ಸೆಡ್. 2005ರಲ್ಲಿ ತೆರೆದ, ಯೊಸೆಮಿಟಿಗೆ ಹತ್ತಿರದ ಆ ಕ್ಯಾಂಪಸ್ಸಿನ ಹೆಸರೆತ್ತಿದರೆ ನಮ್ಮವರು ಮೂಗು ಮುರಿಯುತ್ತಾರೆ. ನಾನು ಮಗಳನ್ನು ಕರೆದುಕೊಂಡು ಒಂದು ಶನಿವಾರ ಹೋಗಿ ನೋಡಿ ಬಂದೆ. ಸಣ್ಣ ಕ್ಯಾಂಪಸ್. ಪ್ರಯೋಗಾಲಯದಲ್ಲಿ ಎರಡನೇ ವರ್ಷದ ಹುಡುಗಿಯೊಬ್ಬಳು ಪ್ರೊಫೆಸರ್ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಿದ್ದಳು. ಮಗಳು ಅವಳ ಜೊತೆ ಅರ್ಧ ಗಂಟೆ ಮಾತಾಡಿದಳು. ವಾಪಸು ಬರುವಾಗ ಕಾರಿನಲ್ಲಿ, "ಅಮ್ಮಾ, ಇದನ್ನ ಹಾಕೋಣ" ಅಂದಳು. ಪಟ್ಟಿಯ ಮೊದಲ ಹೆಸರು ಬಂದದ್ದು ಹಾಗೆ.

ಬೇರೆ ರಾಜ್ಯಗಳಲ್ಲೂ ಇಂಥ ನೆಲಗಟ್ಟು ಇದೆ. ಟೆಕ್ಸಸ್‌ನಲ್ಲಿ ಶಾಲೆಯ ಮೇಲಿನ 10 ಪ್ರತಿಶತದವರಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಖಾತ್ರಿ. ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ಗೆ ಮಾತ್ರ ಆ ಗೆರೆ ಮೇಲಕ್ಕೆ ಹೋಗಿ, 2026ರ ಪ್ರವೇಶದಿಂದ 5 ಪ್ರತಿಶತಕ್ಕೆ ಬಂದಿದೆ. ಆದರೆ ಗಮನಿಸಿ, ಆ ಖಾತ್ರಿ ವಿಶ್ವವಿದ್ಯಾಲಯಕ್ಕೆ, ಬೇಕಾದ ವಿಷಯಕ್ಕಲ್ಲ. ಆಸ್ಟಿನ್‌ನಲ್ಲಿ ಸೀಟು ಖಾತ್ರಿಯಿರುವ ಹುಡುಗನಿಗೂ ಅಲ್ಲಿನ ಕಂಪ್ಯೂಟರ್ ಸೈನ್ಸ್ ರೀಚೇ.

ಕಾಲೇಜಿನ ಶೇಕಡಾವಾರು ನೋಡಬೇಡಿ, ವಿಷಯದ ಬಾಗಿಲು ನೋಡಿ

ನಮ್ಮ ಮಕ್ಕಳಲ್ಲಿ ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಕೇಳುವವರೇ ಹೆಚ್ಚು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ ಒಟ್ಟಾರೆ ನೋಡಿದರೆ ಟಾರ್ಗೆಟ್ ಅನ್ನಿಸುತ್ತದೆ, ಅರ್ಜಿದಾರರಲ್ಲಿ ದೊಡ್ಡ ಪಾಲಿಗೆ ಸೀಟು ಸಿಗುತ್ತದೆ. ಅದೇ ಕ್ಯಾಂಪಸ್‌ನ ಕಂಪ್ಯೂಟರ್ ಸೈನ್ಸ್‌ಗೆ ಬನ್ನಿ, ಐವಿ ಲೀಗ್‌ನಷ್ಟೇ ಕಿರಿದಾದ ಬಾಗಿಲು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಹೊರರಾಜ್ಯದ ಮಕ್ಕಳಿಗೆ ಇನ್ನೂ ಕಿರಿದು. ಮೊದಲೇ ನೇರವಾಗಿ ಸಿಗದೆ ಬೇರೆ ವಿಷಯದಲ್ಲಿ ಸೇರಿ "ಆಮೇಲೆ ಬದಲಾಯಿಸಿಕೊಳ್ತೀನಿ" ಎನ್ನುವವರಿಗೆ ಅಲ್ಲಿ ದಾರಿ ಬಹಳ ಕಷ್ಟ. ಬರ್ಕ್ಲಿಯಲ್ಲೂ ಈಚಿನ ವರ್ಷಗಳಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಮೊದಲೇ ಆಯ್ಕೆಯಾಗಿ ಬರುವುದೇ ದಾರಿಯಾಗಿದೆ.

ಆದ್ದರಿಂದ ಪ್ರತಿ ಕಾಲೇಜಿನ ಬಗ್ಗೆ ಒಂದು ಪ್ರಶ್ನೆ ಕೇಳಿ: ಇಲ್ಲಿ ಮೊದಲ ದಿನವೇ ವಿಷಯ ಕೊಡುತ್ತಾರೋ, ಒಂದು ವರ್ಷದ ನಂತರ ಕೊಡುತ್ತಾರೋ, ಬದಲಾಯಿಸಲು ಬಿಡುತ್ತಾರೋ? ಪರ್ಡೂನಲ್ಲಿ ಎಂಜಿನಿಯರಿಂಗ್ ಸೇರುವವರೆಲ್ಲ ಮೊದಲ ವರ್ಷ ಒಟ್ಟಿಗೆ ಓದಿ ಆಮೇಲೆ ಶಾಖೆ ಆರಿಸುತ್ತಾರೆ, ಕಂಪ್ಯೂಟರ್ ಸೈನ್ಸ್ ಅಲ್ಲಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಲ್ಲ, ಸೈನ್ಸ್ ಕಾಲೇಜಿನಲ್ಲಿದೆ. ಟೆಕ್ಸಸ್ ಎ ಆ್ಯಂಡ್ ಎಂನಲ್ಲೂ ಎಂಜಿನಿಯರಿಂಗ್‌ಗೆ ಮೊದಲ ವರ್ಷ ಎಲ್ಲರಿಗೂ ಒಂದೇ, ಆ ವರ್ಷದ ಅಂಕ ನೋಡಿ ಶಾಖೆ ಹಂಚುತ್ತಾರೆ. ಒಳಗೆ ಸೇರಿದ ಮೇಲೂ ಪೈಪೋಟಿ ಮುಗಿಯುವುದಿಲ್ಲ ಎಂದರ್ಥ. ಅಂಥ ಒತ್ತಡ ತಡೆಯುವ ಮಗುವೇ ನಿಮ್ಮದು ಎಂಬುದನ್ನು ನೀವೇ ಯೋಚಿಸಬೇಕು. ನನ್ನ ಮಗಳಿಗೆ ಅದು ಆಗಿಬರುವುದಿಲ್ಲ ಎಂದು ಅವಳೇ ಹೇಳಿದಳು, ಆ ಬಗೆಯ ಎರಡು ಹೆಸರು ಪಟ್ಟಿಯಿಂದ ಹೋದವು.

ಇನ್ನು, ಸುಲಭ ವಿಷಯದ ಹೆಸರಲ್ಲಿ ಹಿಂಬಾಗಿಲಿನಿಂದ ನುಗ್ಗುವ ಉಪಾಯವನ್ನು ಕೂಟದ ಊಟದ ಸಾಲಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ನಂಬಬೇಡಿ. ನಾಲ್ಕು ವರ್ಷ ರೊಬೊಟಿಕ್ಸ್ ಮಾಡಿದ ಹುಡುಗ ಇದ್ದಕ್ಕಿದ್ದಂತೆ ಮಾನವಶಾಸ್ತ್ರ ಅಂದರೆ ಓದುವವರಿಗೆ ತಿಳಿಯುತ್ತದೆ. ತಿಳಿಯದೆ ಸೀಟು ಸಿಕ್ಕಿದರೂ ಆಮೇಲೆ ಬಾಗಿಲು ಮುಚ್ಚಿರುತ್ತದೆ. ಎರಡು ಆಸಕ್ತಿ ನಿಜವಾಗಿಯೂ ಇದ್ದರೆ ಮಾತು ಬೇರೆ. ಇಲಿನಾಯ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಜೊತೆಗೆ ಭಾಷಾಶಾಸ್ತ್ರ, ಸಂಗೀತ, ಬೆಳೆ ವಿಜ್ಞಾನ ಸೇರಿಸಿ ಓದುವ ಜೋಡಿ ಪದವಿಗಳಿವೆ. ಶನಿವಾರ ಕನ್ನಡ ಕಲಿ ತರಗತಿಯಲ್ಲಿ ಮಕ್ಕಳಿಗೆ ಒತ್ತಕ್ಷರ ಕಲಿಸುತ್ತಾ ಭಾಷೆಯ ಬಗ್ಗೆ ಕುತೂಹಲ ಬೆಳೆಸಿಕೊಂಡ ಹುಡುಗಿಗೆ ಅಂಥದ್ದು ಸಹಜವಾಗಿಯೇ ಹೊಂದುತ್ತದೆ.

ಅಂಕಿ ಅಂಶ ಎಲ್ಲಿ ನೋಡುವುದು? ಬಹುತೇಕ ಕಾಲೇಜುಗಳು ಪ್ರತಿವರ್ಷ ಕಾಮನ್ ಡೇಟಾ ಸೆಟ್ ಎಂಬ ದಾಖಲೆ ಪ್ರಕಟಿಸುತ್ತವೆ. ಅದರ ಸಿ ವಿಭಾಗ ತೆರೆಯಿರಿ. ಸಿ7ರಲ್ಲಿ ಅಂಕ, ಪ್ರಬಂಧ, ಶಿಫಾರಸು, ರಾಜ್ಯವಾಸ, ಕಾಲೇಜಿನ ಬಗ್ಗೆ ತೋರಿದ ಆಸಕ್ತಿ ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕವೆಂದು ಅವರೇ ಹೇಳಿರುತ್ತಾರೆ. ಸಿ9ರಲ್ಲಿ ಸೇರಿದವರ ಪರೀಕ್ಷಾ ಅಂಕಗಳ ಹರವು ಇರುತ್ತದೆ. ನಿಮ್ಮ ಮಗುವಿನ ಎಸ್‌ಎಟಿ ಆ ಹರವಿನ ಮೇಲಿನ ಕಾಲುಭಾಗದಲ್ಲಿದ್ದು, ಕಾಲೇಜು ಅರ್ಧಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಳ್ಳುವಂತಿದ್ದರೆ ಅದು ಟಾರ್ಗೆಟ್ ಅಥವಾ ಅದಕ್ಕಿಂತ ಸುಲಭ. ಕಾಲೇಜು ನೂರಕ್ಕೆ ಹದಿನೈದಕ್ಕಿಂತ ಕಡಿಮೆ ಜನರನ್ನು ತೆಗೆದುಕೊಳ್ಳುತ್ತಿದ್ದರೆ, 1590 ಬಂದಿದ್ದರೂ ಅದು ರೀಚೇ. ಹಾರ್ವರ್ಡ್ ಈಚೆಗೆ ನೂರಕ್ಕೆ ಸುಮಾರು ನಾಲ್ಕು ಮಂದಿಯನ್ನು, ಯುಸಿಎಲ್‌ಎ ಸುಮಾರು ಒಂಬತ್ತು ಮಂದಿಯನ್ನು ತೆಗೆದುಕೊಳ್ಳುತ್ತಿದೆ. ಆ ಸಂಖ್ಯೆಗಳ ಮುಂದೆ ಯಾವ ಮಗುವಿಗೂ "ನಿನಗೆ ಸಿಕ್ಕೇ ಸಿಗುತ್ತೆ" ಎನ್ನುವ ಹಕ್ಕು ನಮಗಿಲ್ಲ.

ಇದಕ್ಕಿಂತ ಬೆಲೆಯುಳ್ಳ ಮಾಹಿತಿ ಮಗುವಿನ ಶಾಲೆಯಲ್ಲೇ ಇರುತ್ತದೆ. ಹಲವು ಹೈಸ್ಕೂಲುಗಳು ನೇವಿಯನ್ಸ್ ಅಥವಾ ಸ್ಕೋಯರ್ ಎಂಬ ಸಾಫ್ಟ್‌ವೇರ್ ಬಳಸುತ್ತವೆ. ಅದೇ ಶಾಲೆಯಿಂದ ಹಿಂದಿನ ವರ್ಷಗಳಲ್ಲಿ ಯಾವ ಜಿಪಿಎಗೆ (ಹೈಸ್ಕೂಲಿನ ಸರಾಸರಿ ಅಂಕಕ್ಕೆ) ಎಲ್ಲಿ ಸೀಟು ಸಿಕ್ಕಿತು ಎಂದು ಚುಕ್ಕಿ ಚುಕ್ಕಿಯಾಗಿ ಅಲ್ಲಿ ಕಾಣುತ್ತದೆ. ಶಾಲೆಯ ಕೌನ್ಸೆಲರ್ ಜೊತೆ ಅರ್ಧ ಗಂಟೆ ಕೂತು ಆ ಚಿತ್ರ ನೋಡಿ. ನೆರೆಮನೆಯವರ ಮಗನ ಕಥೆಗಿಂತ ಅದು ನೂರು ಪಾಲು ನಂಬಬಹುದಾದದ್ದು.

ಪರೀಕ್ಷೆಯ ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ. ಯುಸಿ, ಕ್ಯಾಲ್ ಸ್ಟೇಟ್ ಎರಡೂ ಪ್ರವೇಶಕ್ಕೆ ಎಸ್‌ಎಟಿ ನೋಡುವುದೇ ಇಲ್ಲ. ಎಂಐಟಿ 2022ರಲ್ಲೇ ಅದನ್ನು ಮರಳಿ ಕಡ್ಡಾಯ ಮಾಡಿತು, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ 2024ರಲ್ಲಿ ಅದೇ ದಾರಿ ಹಿಡಿದವು. ಜಾರ್ಜಿಯಾ ಟೆಕ್, ಪರ್ಡೂ ಕೂಡ ಕೇಳುತ್ತವೆ. ಕ್ಯಾಲಿಫೋರ್ನಿಯಾದಲ್ಲೇ ಉಳಿಯುತ್ತೇವೆ ಎಂದು ಎಸ್‌ಎಟಿ ಕೈಬಿಟ್ಟ ಮಕ್ಕಳು ಅಕ್ಟೋಬರ್‌ನಲ್ಲಿ ಮನಸ್ಸು ಬದಲಾಯಿಸಿ ಪರದಾಡಿದ್ದನ್ನು ಕಂಡಿದ್ದೇನೆ. ಜೂನಿಯರ್ ವರ್ಷದಲ್ಲಿ ಒಮ್ಮೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ದುಡ್ಡಿನ ಹೋಲಿಕೆ ಮೊದಲೇ ಆಗಲಿ

ಮಗುವಿನ ಮುಂದೆ ದುಡ್ಡಿನ ಮಾತೆತ್ತಬಾರದು ಎಂಬ ಸಂಕೋಚ ನಮ್ಮಲ್ಲಿ ಬಹಳ. "ನೀನು ಓದು, ಅದನ್ನ ನಾವು ನೋಡ್ಕೋತೀವಿ" ಎನ್ನುತ್ತೇವೆ. ಪ್ರೀತಿಯಿಂದ ಆಡುವ ಆ ಮಾತೇ ಏಪ್ರಿಲ್‌ನಲ್ಲಿ ಚುಚ್ಚುತ್ತದೆ. ಸೀಟು ಬಂದು, ಮಗು ಕುಣಿದಾಡಿದ ಮೇಲೆ "ಇಷ್ಟು ಕಟ್ಟೋಕಾಗಲ್ಲ ಕಂದಾ" ಎನ್ನುವುದಕ್ಕಿಂತ ಜೂನಿಯರ್ ವರ್ಷದಲ್ಲೇ "ವರ್ಷಕ್ಕೆ ಇಷ್ಟು ನಮ್ಮ ಕೈಲಾಗುತ್ತೆ" ಎಂದು ಸಂಖ್ಯೆ ಹೇಳುವುದು ದಯೆಯ ಕೆಲಸ.

ದೊಡ್ಡ ಖಾಸಗಿ ಕಾಲೇಜುಗಳಲ್ಲಿ ಊಟ ವಸತಿ ಸೇರಿ ವರ್ಷದ ಖರ್ಚು ಈಗ 90,000 ಡಾಲರ್ ಆಸುಪಾಸು. ಐವಿ ಲೀಗ್ ಕಾಲೇಜುಗಳು, ಎಂಐಟಿ ಇವು ಪ್ರತಿಭೆಗೆಂದು ಸ್ಕಾಲರ್‌ಶಿಪ್ ಕೊಡುವುದಿಲ್ಲ, ಮನೆಯ ಅಗತ್ಯ ನೋಡಿ ಮಾತ್ರ ಕೊಡುತ್ತವೆ. ಆದರೆ ಆ ಅಗತ್ಯದ ಗೆರೆ ಈಗ ಮೇಲಕ್ಕೆ ಹೋಗಿದೆ. ಎಂಐಟಿ ಮತ್ತು ಹಾರ್ವರ್ಡ್ 2025ರ ಶರತ್ಕಾಲದಿಂದ ವರ್ಷಕ್ಕೆ 2 ಲಕ್ಷ ಡಾಲರ್‌ವರೆಗೆ ಆದಾಯವಿರುವ, ಆಸ್ತಿ ಸಾಧಾರಣವಾಗಿರುವ ಮನೆಗಳಿಗೆ ಬೋಧನಾ ಶುಲ್ಕ ಬಿಟ್ಟಿವೆ. ಇಬ್ಬರೂ ಸಾಫ್ಟ್‌ವೇರ್‌ನಲ್ಲಿರುವ ಮನೆಗಳು ಇದನ್ನು ದಾಟುತ್ತವೆ, ಒಬ್ಬರೇ ದುಡಿಯುವ ಎಷ್ಟೋ ಮನೆಗಳು ದಾಟುವುದಿಲ್ಲ. ಊಹಿಸುತ್ತಾ ಕೂರುವ ಅಗತ್ಯವಿಲ್ಲ. ಫೆಡರಲ್ ನೆರವು ಪಡೆಯುವ ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ, ಮನೆಯವರು ನಿಜವಾಗಿ ಕಟ್ಟಬೇಕಾಗುವ ಮೊತ್ತವನ್ನು ಅಂದಾಜಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇಡಬೇಕೆಂದು 2011ರಿಂದ ಕಾನೂನಿದೆ. ತೆರಿಗೆ ಕಾಗದ ಪಕ್ಕದಲ್ಲಿಟ್ಟುಕೊಂಡು ಪಟ್ಟಿಯ ಒಂದೊಂದು ಕಾಲೇಜಿಗೂ ಅದನ್ನು ತುಂಬಿ. ಒಂದು ಭಾನುವಾರ ಸಾಕು.

ಹೊರರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಹುಷಾರಾಗಿರಿ. ಹೆಸರು ದೊಡ್ಡದು, ಹೊರಗಿನವರಿಗೆ ಶುಲ್ಕ ಖಾಸಗಿಯ ಮಟ್ಟದ್ದು, ಸಹಾಯ ಕಡಿಮೆ. ಇದಕ್ಕೆ ಅಪವಾದಗಳನ್ನು ಹುಡುಕಬೇಕು. ಪರ್ಡೂ 2013ರಿಂದ ಬೋಧನಾ ಶುಲ್ಕ ಏರಿಸಿಲ್ಲ, ಹೊರರಾಜ್ಯದವರಿಗೂ 29,000 ಡಾಲರ್ ಒಳಗೇ ಇದೆ. ಅಲಬಾಮ ವಿಶ್ವವಿದ್ಯಾಲಯ ಜಿಪಿಎ ಮತ್ತು ಪರೀಕ್ಷಾ ಅಂಕ ಇಷ್ಟಿದ್ದರೆ ಇಷ್ಟು ಸ್ಕಾಲರ್‌ಶಿಪ್ ಎಂದು ಮೊದಲೇ ಪ್ರಕಟಿಸುತ್ತದೆ. ಪಶ್ಚಿಮದ ರಾಜ್ಯಗಳ ನಡುವೆ ಡಬ್ಲ್ಯುಯುಇ ಎಂಬ ಒಪ್ಪಂದವಿದೆ, ಅದರಲ್ಲಿ ಸೇರಿದ ಕಾಲೇಜುಗಳು ನೆರೆರಾಜ್ಯದ ಮಕ್ಕಳಿಂದ ಸ್ಥಳೀಯ ಶುಲ್ಕದ ಒಂದೂವರೆ ಪಟ್ಟಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಎಲ್ಲ ವಿಷಯಕ್ಕೂ ಅದು ಅನ್ವಯಿಸದು, ಕೇಳಿ ಖಚಿತಪಡಿಸಿಕೊಳ್ಳಿ.

ಹೆಸರು ಅಷ್ಟಿಲ್ಲದ ದೊಡ್ಡ ವಿಶ್ವವಿದ್ಯಾಲಯದೊಳಗೆ ಆಯ್ದ ಮಕ್ಕಳಿಗಾಗಿ ಇರುವ ಆನರ್ಸ್ ಕಾಲೇಜು ಮತ್ತು ಹೆಸರಿರುವ ಕಾಲೇಜಿನ ಸಾಧಾರಣ ಸೀಟು ಇವೆರಡರ ನಡುವೆ ನನ್ನ ಒಲವು ಬಹಳ ಸಲ ಮೊದಲನೆಯದರತ್ತ. ಅರಿಜೋನ ಸ್ಟೇಟ್‌ನ ಬ್ಯಾರೆಟ್, ಪೆನ್ ಸ್ಟೇಟ್‌ನ ಶ್ರೇಯರ್ ಇಂಥವು. ಸಣ್ಣ ತರಗತಿ ಸಿಗುತ್ತದೆ, ಹಲವರಿಗೆ ಸ್ಕಾಲರ್‌ಶಿಪ್ಪೂ ಸಿಗುತ್ತದೆ. ಆದರೆ ಶ್ರೇಯರ್‌ಗೆ ಸೇರುವುದು ಸುಲಭವಲ್ಲ, ಪೆನ್ ಸ್ಟೇಟ್ ಸೇಫ್ಟಿ ಎಂದು ಶ್ರೇಯರ್ ಸೇಫ್ಟಿಯಾಗುವುದಿಲ್ಲ.

ಹಸಿರು ಕಾರ್ಡಿಗೆ ಕಾಯುತ್ತಿರುವ ಮನೆಗಳಿಗೆ

ಈ ವಿಷಯವನ್ನು ಇಲ್ಲಿನ ಸಲಹೆಗಾರರು ಬಹಳ ಮಂದಿ ಕೇಳುವುದೇ ಇಲ್ಲ, ನಮ್ಮವರಿಗೋ ಇದು ಎದೆಯ ಮೇಲಿನ ಕಲ್ಲು. ಎಚ್-4ನಲ್ಲಿರುವ (ಎಚ್-1ಬಿ ವೀಸಾದವರ ಅವಲಂಬಿತರ ವೀಸಾ) ಮಕ್ಕಳಿಗೆ ಫೆಡರಲ್ ನೆರವು ಸಿಗುವುದಿಲ್ಲ. ಹಲವು ಖಾಸಗಿ ಕಾಲೇಜುಗಳು ಅವರನ್ನು ಅಂತರರಾಷ್ಟ್ರೀಯ ಅರ್ಜಿದಾರರ ಗುಂಪಿಗೇ ಸೇರಿಸುತ್ತವೆ. ನಾಲ್ಕನೇ ವಯಸ್ಸಿನಿಂದ ಇಲ್ಲೇ ಓದಿದ ಮಗುವಾದರೂ ಅಷ್ಟೇ. ನೆರವು ಕೇಳಿದರೆ ಅಲ್ಲಿ ಸೀಟಿನ ಸಾಧ್ಯತೆಯೇ ಕಡಿಮೆಯಾಗಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಡಾರ್ಟ್‌ಮತ್ ಮಾತ್ರ ವೀಸಾ ಯಾವುದಿದ್ದರೂ ದುಡ್ಡಿನ ಅಗತ್ಯವನ್ನು ಪ್ರವೇಶದ ತೀರ್ಮಾನಕ್ಕೆ ತರದ ಬೆರಳೆಣಿಕೆಯ ಕಾಲೇಜುಗಳಲ್ಲಿ ಸೇರುತ್ತವೆ. ಅವೆಲ್ಲವೂ ರೀಚ್‌ಗಳೇ.

ಹಾಗಾಗಿ ಈ ಮನೆಗಳ ಪಟ್ಟಿಯ ತಳ ಇನ್ನೂ ಗಟ್ಟಿಯಿರಬೇಕು. ಹಲವು ರಾಜ್ಯಗಳಲ್ಲಿ ಎಚ್-4 ಮಕ್ಕಳಿಗೂ ಸ್ಥಳೀಯ ಶುಲ್ಕದ ದರ ಸಿಗುತ್ತದೆ. ಪ್ರತಿ ಸಾರ್ವಜನಿಕ ವಿಶ್ವವಿದ್ಯಾಲಯದ ರೆಸಿಡೆನ್ಸಿ ಕಚೇರಿಗೆ ಇಮೇಲ್ ಬರೆದು ಉತ್ತರವನ್ನು ಬರಹದಲ್ಲಿ ಪಡೆಯಿರಿ. 21 ತುಂಬಿದಾಗ ಎಚ್-4 ಮುಗಿಯುತ್ತದೆ, ಮಗು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗಬಹುದು. ಆಗ ಸ್ಥಳೀಯ ದರ ಉಳಿಯುತ್ತದೋ ಇಲ್ಲವೋ ಎಂಬುದನ್ನೂ ಅದೇ ಇಮೇಲಿನಲ್ಲಿ ಕೇಳಿ. ನಾಲ್ಕನೇ ವರ್ಷದ ಶುಲ್ಕ ಒಮ್ಮೆಲೇ ಏರಿ ಕಂಗೆಟ್ಟ ಮನೆಯೊಂದನ್ನು ಹತ್ತಿರದಿಂದ ಬಲ್ಲೆ.

ಯಾವಾಗ ಹಾಕುವುದು: ಇಡಿ, ಇಎ, ರೆಗ್ಯುಲರ್

ಅರ್ಲಿ ಡಿಸಿಷನ್ (ಇಡಿ) ಎಂದರೆ ಮಾತು ಕೊಟ್ಟಂತೆ: ಸೀಟು ಕೊಟ್ಟರೆ ಬಂದೇ ಬರುತ್ತೇನೆ, ಉಳಿದ ಅರ್ಜಿ ವಾಪಸು ತೆಗೆಯುತ್ತೇನೆ. ಅರ್ಲಿ ಆ್ಯಕ್ಷನ್‌ನಲ್ಲಿ (ಇಎ) ಉತ್ತರ ಬೇಗ ಬರುತ್ತದೆ, ಕಟ್ಟುಪಾಡಿಲ್ಲ. ಎರಡಕ್ಕೂ ಬಹುತೇಕ ಕಡೆ ಕೊನೆಯ ದಿನ ನವೆಂಬರ್ 1ರ ಹೊತ್ತಿಗೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಕಟ್ಟುಪಾಡಿಲ್ಲದಿದ್ದರೂ ಬೇರೆ ಖಾಸಗಿ ಕಾಲೇಜುಗಳಿಗೆ ಆ ಹಂತದಲ್ಲಿ ಹಾಕಬಾರದೆಂಬ ನಿರ್ಬಂಧವಿದೆ.

ಇಡಿಯಲ್ಲಿ ಸೀಟು ಸಿಗುವ ಪ್ರಮಾಣ ಎರಡು ಮೂರು ಪಟ್ಟು ಕಾಣುತ್ತದೆ. ಅದರಲ್ಲಿ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು ಸೇರಿರುತ್ತಾರೆ, ಉಳಿದವರಿಗೆ ಸಿಗುವ ಅನುಕೂಲ ಅಷ್ಟು ದೊಡ್ಡದಲ್ಲ, ಆದರೂ ಇದೆ. ಇಡಿ ಹಾಕುವುದಾದರೆ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ತೋರಿಸಿದ ಮೊತ್ತ ಒಪ್ಪಿಗೆಯಿರಬೇಕು, ಮಗು ಆ ಕ್ಯಾಂಪಸ್ ನೋಡಿರಬೇಕು, ಮತ್ತು ಅದು ಮಗುವಿನ ಆಯ್ಕೆಯಾಗಿರಬೇಕು. ಸ್ಕಾಲರ್‌ಶಿಪ್‌ಗಳನ್ನು ಹೋಲಿಸಿ ನೋಡಬೇಕಾದ ಮನೆಗೆ ಇಡಿ ಹೊಂದುವುದಿಲ್ಲ, ಹೋಲಿಸುವ ಹಕ್ಕನ್ನೇ ಅದು ಮೊದಲು ಬಿಟ್ಟುಕೊಡಿಸುತ್ತದೆ. ಅಂಥವರು ಇಎ ಮತ್ತು ರೋಲಿಂಗ್ ಪ್ರವೇಶದ, ಅಂದರೆ ಅರ್ಜಿ ಬಂದ ಹಾಗೆಯೇ ಉತ್ತರ ಕೊಡುತ್ತಾ ಹೋಗುವ, ಕಾಲೇಜುಗಳನ್ನು ನೆಚ್ಚಿಕೊಳ್ಳಲಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಂಥ ರೋಲಿಂಗ್ ಕಾಲೇಜಿಗೆ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಹಾಕಿದರೆ ದೀಪಾವಳಿಯ ಹೊತ್ತಿಗೆ ಕೈಯಲ್ಲೊಂದು 'ಹೌದು' ಇರಬಹುದು. ಆ ಒಂದು ಪತ್ರ ಮನೆಯ ಗಾಳಿಯನ್ನೇ ಬದಲಾಯಿಸುತ್ತದೆ. ಮಗು ಉಳಿದ ಪ್ರಬಂಧಗಳನ್ನು ಭಯವಿಲ್ಲದೆ ಬರೆಯುತ್ತದೆ.

ಯುಸಿ ಅರ್ಜಿಗೆ ಈ ಗೊಂದಲಗಳಿಲ್ಲ. ನವೆಂಬರ್ ಕೊನೆಗೆ ಒಂದೇ ಗಡುವು, 8 ಪ್ರಶ್ನೆಗಳಲ್ಲಿ 4ಕ್ಕೆ 350 ಪದಗಳ ಒಳಗೆ ಉತ್ತರ, ಒಂಬತ್ತು ಕ್ಯಾಂಪಸ್‌ಗೂ ಅವೇ ಉತ್ತರಗಳು, ಕ್ಯಾಂಪಸ್‌ಗೆ 80 ಡಾಲರ್. ಜಿಪಿಎ ಲೆಕ್ಕಕ್ಕೆ 10 ಮತ್ತು 11ನೇ ತರಗತಿಯ ಅಂಕಗಳೇ ಬರುವುದರಿಂದ ಒಂಬತ್ತರಲ್ಲಿ ಎಡವಿದ ಮಗುವಿಗೆ ಇಲ್ಲಿ ಅವಕಾಶ ಉಳಿದಿರುತ್ತದೆ. ಕ್ಯಾಲ್ ಸ್ಟೇಟ್ ಅರ್ಜಿಗೆ ಪ್ರಬಂಧವೇ ಬೇಡ. ಹೆಚ್ಚು ಶ್ರಮವಿಲ್ಲದೆ ತಳ ಗಟ್ಟಿಯಾಗುವುದು ಇಲ್ಲೇ.

ಒಂದೇ ಅಂಕ, ಎರಡು ಪಟ್ಟಿ

ಬೇ ಏರಿಯಾದ ಒಂದು ಸರ್ಕಾರಿ ಹೈಸ್ಕೂಲು ಎಂದುಕೊಳ್ಳಿ. ಕಠಿಣ ತರಗತಿಗಳಿಗೆಂದು ತೂಕ ಸೇರಿಸದ ಜಿಪಿಎ 3.85, ಆರು ಎಪಿ (ಕಾಲೇಜು ಮಟ್ಟದ) ತರಗತಿ, ಎಸ್‌ಎಟಿ 1480. ಭರತನಾಟ್ಯ, ಶನಿವಾರದ ಕನ್ನಡ ತರಗತಿಯಲ್ಲಿ ಸ್ವಯಂಸೇವೆ, ಶಾಲೆಯ ಒಂದು ಕ್ಲಬ್ಬು. ಇಂಥ ಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ, ನಿಜವಾಗಿ ಒಳ್ಳೆಯ ವಿದ್ಯಾರ್ಥಿಗಳು.

ಈ ಹುಡುಗಿ ಕಂಪ್ಯೂಟರ್ ಸೈನ್ಸ್ ಕೇಳಿದರೆ ನಾನು ತಳದಲ್ಲಿ ಮರ್ಸೆಡ್ ಮತ್ತು ಅರಿಜೋನ ಸ್ಟೇಟ್ ಇಡುತ್ತೇನೆ. ನಡುವೆ ಯುಸಿಯ ರಿವರ್‌ಸೈಡ್, ಸಾಂಟಾ ಕ್ರೂಜ್, ಜೊತೆಗೆ ಸ್ಯಾನ್ ಹೋಸೆ ಸ್ಟೇಟ್. ಸ್ಯಾನ್ ಹೋಸೆಯಲ್ಲಿ ಈ ವಿಷಯಕ್ಕೆ ಪೈಪೋಟಿ ದೊಡ್ಡದು, ಹತ್ತಿರದ ಕಾಲೇಜು ಎಂದು ಹಗುರ ಮಾಡುವಂತಿಲ್ಲ. ಯುಸಿಯ ಡೇವಿಸ್, ಅರ್ವೈನ್, ಸ್ಯಾನ್ ಡಿಯೇಗೊ, ಜೊತೆಗೆ ಪರ್ಡೂ, ಕ್ಯಾಲ್ ಪಾಲಿ ಸ್ಯಾನ್ ಲೂಯಿಸ್ ಒಬಿಸ್ಪೊ ಎಲ್ಲವೂ ಮೇಲಿನ ಗುಂಪಿಗೆ ಹೋಗುತ್ತವೆ. ಬರ್ಕ್ಲಿ, ಯುಸಿಎಲ್‌ಎಗಳಲ್ಲಿ ಮನಸ್ಸಿಗೆ ಬಂದ ಒಂದನ್ನು ಹಾಕಲಿ.

ಅದೇ ಹುಡುಗಿ ಜೀವಶಾಸ್ತ್ರ ಅಥವಾ ಪರಿಸರ ವಿಜ್ಞಾನ ಓದಬೇಕೆಂದರೆ ಚಿತ್ರವೇ ಬೇರೆ. ರಿವರ್‌ಸೈಡ್, ಸಾಂಟಾ ಕ್ರೂಜ್ ತಳದ ಕಡೆಗೆ ಇಳಿಯುತ್ತವೆ. ಡೇವಿಸ್ ನಡುವಿಗೆ ಬರುತ್ತದೆ, ಕೃಷಿ ಮತ್ತು ಪರಿಸರದ ಓದಿಗೆ ಅದಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ಮೇಲೆ ಯುಸಿಎಲ್‌ಎ, ಬರ್ಕ್ಲಿ ಜೊತೆ ಒಂದೆರಡು ಲಿಬರಲ್ ಆರ್ಟ್ಸ್ ಕಾಲೇಜುಗಳಿಗೆ (ಪದವಿ ಪಾಠಕ್ಕೇ ಒತ್ತು ಕೊಡುವ ಸಣ್ಣ ಕಾಲೇಜುಗಳು) ಜಾಗ ಉಳಿಯುತ್ತದೆ. ಈ ಕಾಲೇಜುಗಳನ್ನು ನಮ್ಮವರು ಹೆಸರು ಗೊತ್ತಿಲ್ಲವೆಂದು ಬಿಟ್ಟುಬಿಡುತ್ತಾರೆ. ವಿಲಿಯಮ್ಸ್, ಸ್ವಾರ್ಥ್‌ಮೋರ್ ಅಂಥವು ಬಹಳ ಕಠಿಣ ರೀಚ್‌ಗಳು, ಸ್ವಾರ್ಥ್‌ಮೋರ್‌ನಲ್ಲಂತೂ ಎಂಜಿನಿಯರಿಂಗ್ ಕೂಡ ಇದೆ. ಪ್ರಶ್ನೆ ಕೇಳುತ್ತಾ ಕಲಿಯುವ ಮಗುವಿಗೆ ಅಂಥ ಸಣ್ಣ ತರಗತಿಯಲ್ಲಿ ಸಿಗುವ ಗಮನ ಮುನ್ನೂರು ಜನರ ಸಭಾಂಗಣದಲ್ಲಿ ಸಿಗದು.

ಇನ್ನೊಂದು ಆಯ್ಕೆಯನ್ನು ಬಹಳ ಮನೆಗಳಲ್ಲಿ ಸೋಲಿನ ಹಾಗೆ ನೋಡುತ್ತಾರೆ, ಅದು ನನಗೆ ನೋವು ತರುತ್ತದೆ. ಕಮ್ಯುನಿಟಿ ಕಾಲೇಜು. ಕ್ಯಾಲಿಫೋರ್ನಿಯಾದಲ್ಲಿ ಇಲ್ಲಿನ ನಿವಾಸಿಗೆ ಯೂನಿಟ್‌ಗೆ (ಪಾಠಗಳನ್ನು ಅಳೆಯುವ ಮಾನಕ್ಕೆ) 46 ಡಾಲರ್. ಕ್ಯೂಪರ್ಟಿನೋದ ಡಿ ಅಂಜಾದಂಥ ಕಾಲೇಜಿನಲ್ಲಿ ಎರಡು ವರ್ಷ ಓದಿ ಮೂರನೇ ವರ್ಷಕ್ಕೆ ಯುಸಿಗೆ ಹೋಗಬಹುದು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ನಿಗದಿತ ಅಂಕ ಪಡೆದವರಿಗೆ ಪ್ರವೇಶದ ಖಾತ್ರಿಯನ್ನೇ ಬರೆದುಕೊಡುತ್ತವೆ, ಕೆಲವು ವಿಷಯಗಳನ್ನು ಮಾತ್ರ ಅದರಿಂದ ಹೊರಗಿಟ್ಟಿರುತ್ತಾರೆ. ಕೊನೆಗೆ ಸಿಗುವ ಪದವಿ ಪತ್ರ ಒಂದೇ. ಹೈಸ್ಕೂಲಿನಲ್ಲಿ ಕಾಯಿಲೆ, ಮನೆಯ ತಾಪತ್ರಯ, ತಡವಾಗಿ ಮೂಡಿದ ಆಸಕ್ತಿ ಇಂಥ ಕಾರಣಗಳಿಂದ ಅಂಕ ಕುಸಿದ ಮಗುವಿಗೆ ಇದಕ್ಕಿಂತ ಗೌರವದ ದಾರಿ ನಾನು ಕಂಡಿಲ್ಲ. ಇದು ಪಟ್ಟಿಯಲ್ಲಿ ಮೊದಲಿನಿಂದಲೂ ಒಂದು ಸಾಲಾಗಿ ಇರಲಿ.

ನನ್ನ ಮಗಳ ಹಾಳೆಯಲ್ಲಿ ಕೊನೆಗೆ 11 ಹೆಸರು ಉಳಿದವು. ಎರಡನ್ನು ಅವಳಪ್ಪ ಸೇರಿಸಿದ್ದರು, ಒಂದನ್ನು ನಾನು, ಉಳಿದ ಎಂಟು ಅವಳವು. ಆಗಸ್ಟ್‌ನಲ್ಲಿ ಅರ್ಜಿ ತೆರೆಯುವ ಮುಂಚೆ ಅವಳು ಪ್ರತಿ ಹೆಸರಿನ ಮುಂದೆ "ಇಲ್ಲಿ ನಾನು ಏನು ಮಾಡ್ತೀನಿ" ಎಂದು ಎರಡು ಸಾಲು ಬರೆಯಬೇಕೆಂದು ಒಪ್ಪಂದವಾಗಿತ್ತು. ನಾನು ಸೇರಿಸಿದ ಹೆಸರಿನ ಮುಂದೆ ಅವಳಿಗೆ ಏನೂ ಬರೆಯಲಾಗಲಿಲ್ಲ. ಅದನ್ನು ನಾನೇ ಅಳಿಸಿದೆ.